ದೀಪದ ಬುಡದ ಕತ್ತಲೆ: ನಾರ್ಮನ್ ವೆಲ್ಸ್ ಎಂಬ ಊರು



ನಿಮ್ಮಲ್ಲಿ ಕೆಲವರು ಇಂದು ಕೊಲ್ಲಿ ರಾಷ್ಟ್ರಗಳಲ್ಲಿ ತೈಲೋದ್ಯಮವನ್ನು ನಂಬಿ ಬದುಕು ಕಟ್ಟಿಕೊಂಡಿದ್ದೀರಿ. ಎಣ್ಣೆ ದೊರೆತ ಊರು ಎಂದೊಡನೆ ನಮ್ಮ ಕಣ್ಮುಂದೆ ನಿಲ್ಲುವುದು ಅಬುಧಾಬಿಯಂತಹ ವೈಭವದ ನಗರ. ಭೂಗೋಳವನ್ನು ಬೋಧಿಸಿದ ನನಗೆ ನಿವೃತ್ತಿಯ ಅನಂತರವೂ ಭೂಪಟ ನೋಡುವ ಚಪಲ ಹೋಗಿಲ್ಲ. ಆ ಚಪಲದಿಂದಲೇ ಪರಿಚಯವಾದ ಬೇರೊಂದು ಎಣ್ಣೆಯ ಊರಿನ ಕಥೆಯನ್ನು ಇಂದು ನಿಮಗೆ ಹೇಳಬೇಕೆನಿಸಿದೆ.

ಊರಿನ ಹೆಸರು ನಾರ್ಮನ್ ವೆಲ್ಸ್. ಕೆನಡಾದ ಉತ್ತರ ಭಾಗದಲ್ಲಿ, ಆರ್ಕ್ಟಿಕ್ ವೃತ್ತಕ್ಕಿಂತ ತುಸು ಕೆಳಗೆ, ಮೆಕೆಂಜಿ ಎಂಬ ಮಹಾನದಿಯ ದಂಡೆಯ ಮೇಲಿದೆ. 2021ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ ಏಳು ನೂರನ್ನೂ ಮುಟ್ಟಿರಲಿಲ್ಲ. ನಡುಚಳಿಗಾಲದಲ್ಲಿ ಸೂರ್ಯನು ಕೆಲವೇ ಗಂಟೆ ಮುಖ ತೋರಿಸಿ ಮರೆಯಾಗುತ್ತಾನೆ. ವರ್ಷವಿಡೀ ಸಂಚರಿಸಬಹುದಾದ ರಸ್ತೆ ಇಲ್ಲಿಗಿಲ್ಲ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೆಲದ ಮೇಲೆ ಹಿಮದ ದಾರಿ, ಬೇಸಿಗೆಯಲ್ಲಿ ನದಿಯ ಮೇಲೆ ಸರಕು ದೋಣಿ, ಉಳಿದಂತೆ ವಿಮಾನವೇ ಗತಿ.

ಆ ನಾಡಿನ ಮೂಲನಿವಾಸಿಗಳು ಡೆನೆ ಜನರು. ಅವರ ಭಾಷೆಯಲ್ಲಿ ಈ ಸ್ಥಳದ ಹೆಸರಿಗೆ ‘ಎಣ್ಣೆ ಇರುವ ತಾಣ’ ಎಂದೇ ಅರ್ಥ. 1789ರಲ್ಲಿ ಈ ನದಿಯಲ್ಲಿ ಪಯಣಿಸಿದ ಅಲೆಕ್ಸಾಂಡರ್ ಮೆಕೆಂಜಿಯೂ ದಂಡೆಯಲ್ಲಿ ಎಣ್ಣೆ ಜಿನುಗುವುದನ್ನು ಗುರುತಿಸಿದ್ದನು. 1919ರಲ್ಲಿ ಇಂಪೀರಿಯಲ್ ಆಯಿಲ್ ಕಂಪನಿಯು ಟೆಡ್ ಲಿಂಕ್ ಎಂಬ ಭೂವಿಜ್ಞಾನಿಯ ನೇತೃತ್ವದಲ್ಲಿ ಸಣ್ಣ ತಂಡವೊಂದನ್ನು ಕಳುಹಿಸಿತು. ಭಾರ ಎಳೆಯಲು ಜೊತೆಗೊಂದು ಎತ್ತೂ ಹೋಗಿತ್ತು. ಕೆಲಸ ಮುಗಿಸಿದ ಆ ಬಡಪ್ರಾಣಿ ಚಳಿಗಾಲದಲ್ಲಿ ತಂಡದವರಿಗೇ ಆಹಾರವಾಯಿತೆಂದು ಓದಿದಾಗ ಮನಸ್ಸು ಮುದುಡಿತು. 1920ರಲ್ಲಿ ಎಣ್ಣೆ ಚಿಮ್ಮಿತು.

ಮುಂದಿನ ವರ್ಷವೇ, ಅಂದರೆ 1921ರಲ್ಲಿ, ಸರ್ಕಾರವು ಡೆನೆ ಜನರೊಡನೆ ‘ಹನ್ನೊಂದನೆಯ ಒಪ್ಪಂದ’ಕ್ಕೆ ಸಹಿ ಹಾಕಿಸಿತು. ಕಾಗದದಲ್ಲಿ ಬರೆದದ್ದು ಭೂಮಿಯ ಹಕ್ಕನ್ನು ಬಿಟ್ಟುಕೊಟ್ಟೆವು ಎಂದು. ತಮ್ಮ ಹಿರಿಯರು ಅರ್ಥ ಮಾಡಿಕೊಂಡದ್ದು ಶಾಂತಿ ಸ್ನೇಹಗಳ ಮಾತನ್ನು ಮಾತ್ರ ಎಂಬುದು ಡೆನೆ ಜನರ ವಾದ. ಭೂಮಿಯ ಹಕ್ಕು ನಿಜವಾಗಿ ಕೈಬಿಟ್ಟಿತೇ ಎಂಬ ಬಗ್ಗೆ 1973ರಲ್ಲಿ ನ್ಯಾಯಮೂರ್ತಿ ವಿಲಿಯಂ ಮಾರೋ ಅವರೂ ಸಂದೇಹ ವ್ಯಕ್ತಪಡಿಸಿದರು. ಆ ಭಾಗದ ಡೆನೆ ಮತ್ತು ಮೇಟಿ ಜನರಿಗೆ ಭೂಮಿಯ ಕುರಿತು ಹೊಸ ಒಪ್ಪಂದ ದೊರೆತದ್ದು 1993ರಲ್ಲಿ. ಎಣ್ಣೆ ದೊರೆತು ಆಗಲೇ ಎಪ್ಪತ್ತಮೂರು ವರ್ಷಗಳು ಸಂದಿದ್ದವು.

ಎರಡನೆಯ ಮಹಾಯುದ್ಧ ಈ ಊರನ್ನು ಒಮ್ಮೆಲೇ ಲೋಕದ ಭೂಪಟಕ್ಕೆ ತಂದಿತು. 1942ರಲ್ಲಿ ಜಪಾನೀಯರು ಅಲ್ಯೂಷಿಯನ್ ದ್ವೀಪಗಳಿಗೆ ಕಾಲಿಟ್ಟರು. ಅಲಾಸ್ಕಾದ ರಕ್ಷಣೆಗೆ ಇಂಧನ ಬೇಕೆಂದು ಅಮೆರಿಕದ ಸೇನೆಯು ಬೆಟ್ಟಗಳನ್ನು ದಾಟಿಸಿ ವೈಟ್‌ಹಾರ್ಸ್ ಪಟ್ಟಣದವರೆಗೆ ಕೊಳವೆ ಹಾಕಿತು. ‘ಕೆನೋಲ್’ ಎಂಬ ಈ ಯೋಜನೆಗೆ ಹದಿಮೂರು ಕೋಟಿ ಡಾಲರಿಗೂ ಮಿಕ್ಕಿ ವೆಚ್ಚವಾಯಿತು. ಕಪ್ಪುವರ್ಣದ ಸೈನಿಕರೂ ಕೂಲಿಗಾರರೂ ಕೊರೆಯುವ ಚಳಿಯಲ್ಲಿ ದುಡಿದರು. 1944ರಲ್ಲಿ ಎಣ್ಣೆ ಹರಿಯಿತು, 1945ರಲ್ಲಿ ನಿಂತಿತು. ಸುಮಾರು ಒಂದು ವರ್ಷದ ಬಳಕೆಗೆ ಇಷ್ಟು ಶ್ರಮ! ಕೈಬಿಟ್ಟ ಆ ಹಾದಿಯಲ್ಲಿ ಇಂದು ಸಾಹಸಿಗಳು ಚಾರಣ ಮಾಡುತ್ತಾರೆ.

1970ರ ದಶಕದಲ್ಲಿ ಈ ಕಣಿವೆಯಲ್ಲಿ ದೊಡ್ಡದೊಂದು ಅನಿಲ ಕೊಳವೆಯನ್ನು ಹಾಕುವ ಪ್ರಸ್ತಾಪ ಬಂದಾಗ, ನ್ಯಾಯಮೂರ್ತಿ ಥಾಮಸ್ ಬರ್ಜರ್ ಅವರು ಹಳ್ಳಿ ಹಳ್ಳಿಗೆ ಹೋಗಿ ಜನರ ಮಾತನ್ನು ಕೇಳಿದರು. ಮೊದಲು ಭೂಮಿಯ ಪ್ರಶ್ನೆ ಇತ್ಯರ್ಥವಾಗಲಿ, ಹತ್ತು ವರ್ಷ ತಡೆಯಿರಿ ಎಂದು 1977ರಲ್ಲಿ ವರದಿ ಕೊಟ್ಟರು. ಆ ಅನಿಲ ಕೊಳವೆ ಬರಲಿಲ್ಲ. ಆದರೆ ಎಂಟೇ ವರ್ಷಗಳಲ್ಲಿ, 1985ರಲ್ಲಿ, ನಾರ್ಮನ್ ವೆಲ್ಸ್‌ನಿಂದ ಆಲ್ಬರ್ಟಾ ಪ್ರಾಂತದವರೆಗೆ 869 ಕಿಲೋಮೀಟರ್ ಉದ್ದದ ಎಣ್ಣೆಯ ಕೊಳವೆ ಸಿದ್ಧವಾಯಿತು. ನದಿಯ ನಡುವೆ ಆರು ಕೃತಕ ದ್ವೀಪಗಳನ್ನು ಕಟ್ಟಿ ಬಾವಿ ಕೊರೆದರು.

ಇಲ್ಲಿಂದ ಮುಂದಿನದೇ ನನ್ನನ್ನು ಕಾಡಿದ ಸಂಗತಿ. ಊರಿನಲ್ಲಿದ್ದ ಸಣ್ಣ ಶುದ್ಧೀಕರಣ ಘಟಕವು 1996ರಲ್ಲಿ ಮುಚ್ಚಿತು. ಅಂದಿನಿಂದ ಕಾಲಡಿಯ ಕಚ್ಚಾ ಎಣ್ಣೆ ದಕ್ಷಿಣಕ್ಕೆ ಹರಿದುಹೋಗುವುದು, ಮನೆ ಕಾಯಿಸುವ ಎಣ್ಣೆ ದಕ್ಷಿಣದಿಂದ ದುಡ್ಡು ಕೊಟ್ಟು ಬರುವುದು! 2024ರಲ್ಲಿ ನದಿಯ ನೀರು ತೀರ ತಗ್ಗಿ ಸರಕು ದೋಣಿಗಳ ಸಂಚಾರ ರದ್ದಾಯಿತು. ಎಣ್ಣೆಯ ಊರಿಗೆ ಎಣ್ಣೆಯನ್ನು ವಿಮಾನದಲ್ಲಿ ತರಬೇಕಾಯಿತು. ಮೈ ಹೆಪ್ಪುಗಟ್ಟಿಸುವ ಆ ಚಳಿಯಲ್ಲಿ ಒಲೆಗೆ ಎಣ್ಣೆ ತುಟ್ಟಿಯಾದರೆ ಮುದುಕರ, ಮಕ್ಕಳ ಗತಿಯೇನು? ‘ದೀಪದ ಬುಡದಲ್ಲಿ ಕತ್ತಲೆ’ ಎಂಬ ನಮ್ಮ ಗಾದೆ ಅಷ್ಟು ದೂರದ ಊರಿಗೂ ಹೀಗೆ ಒಪ್ಪುವುದಲ್ಲ!

ಎಣ್ಣೆಯಿಂದ ಊರಿಗೆ ಏನೂ ಒಳಿತಾಗಲಿಲ್ಲವೆಂದು ನಾನು ಹೇಳುತ್ತಿಲ್ಲ. ಕೆಲಸ, ವಿಮಾನ ನಿಲ್ದಾಣ, ಅಂಗಡಿ ಮುಂಗಟ್ಟು ಎಲ್ಲವೂ ಅದರ ಬೆನ್ನಿಗೆ ಬಂದವು. ಊರು ಹುಟ್ಟಿದ್ದೇ ಅದರಿಂದ. ಆದರೆ ಶತಮಾನ ದಾಟಿದ ಆ ಬಾವಿಗಳು ಬಡವಾಗಿವೆ, ಮುಚ್ಚುವ ಮಾತು ಬಂದಿದೆ. ಮುಚ್ಚಿದ ಮೇಲೆ ನದಿಯ ನಡುವಣ ದ್ವೀಪಗಳು, ನೆಲದೊಳಗಿನ ಕೊಳವೆಗಳು ಅಲ್ಲಿಯೇ ಇರುತ್ತವೆ. ಅವುಗಳೊಡನೆ ಬಾಳಬೇಕಾದವರು ಆ ನದಿಯ ಮೀನನ್ನು ನಂಬಿದ ಜನ.

ಒಂದು ನಾಡಿನ ಸಂಪತ್ತನ್ನು ಅಳೆಯಲು ನಾವು ಪೀಪಾಯಿಗಳನ್ನು ಎಣಿಸುತ್ತೇವೆ. ಅಲ್ಲಿಯೇ ಹುಟ್ಟಿ ಅಲ್ಲಿಯೇ ಮಣ್ಣಾಗುವವರ ಮನೆ ಚಳಿಗಾಲದಲ್ಲಿ ಬೆಚ್ಚಗಿದೆಯೇ ಎಂಬುದೂ ಒಂದು ಅಳತೆಯಾಗಬೇಕು. ನಿಮ್ಮಲ್ಲಿ ಯಾರಿಗಾದರೂ ಇಂತಹ ಯೋಜನೆಗಳ ಕಾಗದಪತ್ರಗಳ ಮೇಲೆ ಸಹಿ ಹಾಕುವ ಅಧಿಕಾರವಿದ್ದರೆ, ಆ ಗಳಿಗೆಯಲ್ಲಿ ಈ ಪುಟ್ಟ ಊರು ನೆನಪಾಗಲಿ. ನಿಮ್ಮ ಹಳೆಯ ಮೇಷ್ಟರು ಇಂದು ಕೇಳುವ ಗುರುದಕ್ಷಿಣೆ ಇಷ್ಟೇ.