ಪಾಲಕ ಅಂದ್ರ ಮಾಲಕ ಅಲ್ಲ

ಈ ಸಲ ಅಡಗಿ ಮಾತು ಅಲ್ಲ, ಕಾಗದ-ಪತ್ರದ ಮಾತು. ನಮ್ಮ ನೀರಮಾನ್ವಿ ಕಡೆ ಬುದ್ಧಿ ಪೂರಾ ಬೆಳೀದ ಮಗ, ಮಗಳು ಇದ್ದ ಮನಿಗಳು ಅದಾವ. ಆ ತಾಯಂದಿರಿಗೆ ಇದನ್ನ ಓದಿ ಹೇಳ್ರಿ.

ನಮ್ಮ ನೆಗೆಣ್ಣಿ ಮಗನಿಗೆ ಈಗ 20 ವರ್ಷ. ಎತ್ತಿಗೆ ಮೇವು ಹಾಕ್ತಾನ, ಸಂತಿ ದಿನ ವಗ್ಗರಣಿ-ಮಿರ್ಚಿ ಬೇಕಂತ ಹಟ ಹಿಡೀತಾನ, ಆದ್ರ ರೊಕ್ಕದ ಎಣಿಕಿ ತಿಳಿಯಂಗಿಲ್ಲ. ಹೋದ ವರ್ಷ ನಮ್ಮ ಮೈದುನ ತೀರಿಕೊಂಡ. ಎರಡು ಎಕರೆ ಹೊಲದಾಗ, ಬ್ಯಾಂಕಿನ ರೊಕ್ಕದಾಗ ಈ ಹುಡುಗಂದೂ ಪಾಲದ. ಬ್ಯಾಂಕಿನಾಗ "ಅವನಿಗೆ 18 ತುಂಬ್ಯಾವ, ಕಾನೂನಿನ ಪಾಲಕರು ಯಾರು, ಪತ್ರ ತರ್ರಿ" ಅಂದ್ರು. ಅಕಿ ನನ್ನ ಮುಂದ ಕುಂತು, "ಹಡದಾಕಿ ನಾನು, ನನಗಿಂತ ಬ್ಯಾರೆ ಪಾಲಕರು ಯಾರಕ್ಕಾ?" ಅಂತ ಅತ್ತಳು. ಇತ್ತ ಬಳಗದವರೊಬ್ರು "ಅವನ ಪಾಲು ಬಿಡಿಸಿ ನಮ್ಮ ಹೆಸರಿಗೆ ಮಾಡ್ರಿ, ನಾವೇ ನೋಡ್ಕೋತೀವಿ" ಅಂತ ಬಂದ್ರು. ನನಗ ಅಂಜಿಕಿ ಬಂದದ್ದು ಆವಾಗ.

ಕಾನೂನು ಹಿಂಗದ. ಮಕ್ಕಳಿಗೆ 18 ತುಂಬೋತನಕ ತಾಯಿ-ತಂದಿ ಪಾಲಕರು. ತುಂಬಿದ ಮ್ಯಾಲ ಬುದ್ಧಿ ಎಷ್ಟೇ ಇರ್ಲಿ, ಅವರು ವಯಸ್ಕರು. ಅದಕ್ಕ 1999ರಾಗ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂತು. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವೈಕಲ್ಯ, ಈ ನಾಲ್ಕಕ್ಕ ಅದು. ಕೋರ್ಟಿಗೆ ಹೋಗೋದು ಬ್ಯಾಡ. ಜಿಲ್ಲಾದಾಗ ಒಂದು ಸ್ಥಳೀಯ ಸಮಿತಿ ಇರ್ತದ. ಅದರಾಗ ಡೀಸಿ ಸಾಹೇಬ್ರು, ನೋಂದಾಯಿತ ಸಂಸ್ಥೆಯವರೊಬ್ರು, ವಿಕಲಚೇತನರೊಬ್ರು ಇರ್ತಾರ. ನಾವು ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತನ್ನ ಕೇಳಿ, ರಾಯಚೂರಿನ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಗೆ ಹೋಗಿ ಅರ್ಜಿ ಕೊಟ್ವಿ. ಸಮಿತಿಯವರು ಹುಡುಗನ್ನೂ ಕರದು ಮಾತಾಡ್ಸಿದ್ರು. ಅಕಿ ಹೆಸರಿಗೆ ಪತ್ರ ಬಂತು.

ಪತ್ರ ಬಂತಂತ ಹೊಲ ಅಕಿದಾಗಲಿಲ್ಲ. ಪಾಲಕ ಅಂದ್ರ ಮಾಲಕ ಅಲ್ಲ. ಪಾಲಕರಾದ ಆರು ತಿಂಗಳೊಳಗ ಅವನ ಆಸ್ತಿ, ಸಾಲ ಎಲ್ಲಾ ಬರದು ಸಮಿತಿಗೆ ಕೊಡಬೇಕು. ವರ್ಷಾ ಮಾರ್ಚ್ ಮುಗದು ಮೂರು ತಿಂಗಳೊಳಗ ಜಮಾ-ಖರ್ಚು ಒಪ್ಪಿಸಬೇಕು. ಪಾಲಕರು ಅವನ್ನ ನೋಡ್ಕೊಳ್ಳಲಿಲ್ಲ, ರೊಕ್ಕ ತಿಂದ್ರು ಅಂದ್ರ ಬಳಗದವರು ದೂರು ಕೊಡಬಹುದು, ಸಮಿತಿ ವಿಚಾರ್ಸಿ ತಗದ್ಹಾಕಬಹುದು. ಈಗ ನೆಗೆಣ್ಣಿ ಒಂದು ನೋಟ್‌ಬುಕ್ ಇಟ್ಟಾಳ. ಅವನ ಚಪ್ಪಲಿ, ಔಷಧ, ಮಿರ್ಚಿ ಸೈತ ಬರೀತಾಳ. ಪಾಲು ಕೇಳ್ಕೊಂಡು ಬಂದವರು ಈ ಲೆಕ್ಕದ ಮಾತು ಕೇಳಿದ ಮ್ಯಾಲ ಸುಮ್ಮನಾಗ್ಯಾರ.

ಹಂಗಂತ ಎಲ್ಲಾದಕ್ಕೂ ಅವನ ಬಾಯಿ ಮುಚ್ಚಿಸಬಾರ್ದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯೊಳಗ ಸೀಮಿತ ಪಾಲಕತ್ವ ಅಂತ ಅದ. ಅಂದ್ರ ಇಬ್ರೂ ಕೂಡಿ, ಅವನ ಇಷ್ಟ ಕೇಳಿ ತೀರ್ಮಾನ ಮಾಡೋದು. ಯಾವ ಅಂಗಿ, ಯಾರ ಮನಿಗೆ ಹೋಗಬೇಕು, ಅದು ಅವನಿಗೆ ಚಲೋ ಗೊತ್ತದ.

ವಯಸ್ಸಾಗಿ ಮರವು ಬಂದವರಿಗೆ, ಕೋಮಾದಾಗ ಇದ್ದವರಿಗೆ ಈ ಸಮಿತಿ ನಡೆಯಂಗಿಲ್ಲ. ಅಂಥ ಮನಿಯವರು ಹೈಕೋರ್ಟಿನ ತನಕ ಹೋಗ್ಯಾರ. ನಮಗ ಅದು ಕಲಬುರಗಿ ಪೀಠ. ಮಾನಸಿಕ ಆರೋಗ್ಯದ ಚಿಕಿತ್ಸಾಕ್ಕ ಮಾತ್ರ 2017ರ ಕಾಯ್ದೆ ಸಸಾರ ಅದ. "ನನ್ನ ಪರವಾಗಿ ಇಂಥವರು ಮಾತಾಡ್ಲಿ" ಅಂತ ಖಾಲಿ ಹಾಳ್ಯಾಗ ಬರದು ಸಹಿ ಇಲ್ಲಾ ಹೆಬ್ಬಟ್ಟು ಒತ್ತಿದ್ರ ನಡೀತದ. ಆದ್ರ ಅದು ಚಿಕಿತ್ಸಾಕ್ಕ ಅಷ್ಟೇ, ಆಸ್ತಿಗಲ್ಲ.

ಇನ್ನ ಉಳದದ್ದು ಒಂದೇ ಚಿಂತಿ: ಅವ್ವನ ನಂತರ ಯಾರು? ದೇವದುರ್ಗಕ್ಕ ಕೊಟ್ಟ ಅವನ ಅಕ್ಕ "ನಾ ಅದೀನಿ" ಅಂದಾಳ. ಅಕ್ಕ-ತಂಗಿ, ಅಣ್ಣ-ತಮ್ಮರೂ ಪಾಲಕರಾಗಬಹುದು. ಅಕಿ ಗಂಡನ ಮನಿಯವರ ಮುಂದೂ ಈ ಮಾತು ಈಗೇ ಆಡ್ರಿ ಅಂತ ಹೇಳೀನಿ. ನಿಮ್ಮ ಮನಿಯಾಗ ಇಂಥ ಕೂಸಿದ್ರ 18 ತುಂಬೋದ್ರೊಳಗ ಯುಡಿಐಡಿ ಕಾರ್ಡು ಮಾಡಿಸಿ ಇಡ್ರಿ, ತುಂಬಿದ ಕೂಡ್ಲೇ ಅರ್ಜಿ ಹಾಕ್ರಿ. ತಾಯಿ ಇದ್ದಾಗ ಆಗೋ ಕೆಲಸ, ತಾಯಿ ಹೋದ ಮ್ಯಾಲ ಆ ಕೂಸಿಗೆ ಬಹಳ ತ್ರಾಸು.