ಬಣ್ಣದ ಪೆಟ್ಟಿಗೆಯೊಡನೆ ಬೇಗಂ ಬಜಾರಿಗೆ

ನಮ್ಮ ಸಂಘದ ಬಣ್ಣದ ಪೆಟ್ಟಿಗೆ ಮೂರು ವರ್ಷಗಳಿಂದ ನಮ್ಮ ಮನೆಯ ಅಟ್ಟದ ಮೇಲಿದೆ. ಸರಕಾರಿ ಗುಮಾಸ್ತರಾದವರು ಸಾಮಾನಿನ ಲೆಕ್ಕವನ್ನು ಸರಿಯಾಗಿಡುವರೆಂಬ ನಂಬಿಕೆಯಿಂದ ಅದನ್ನು ನಮಗೆ ವಹಿಸಿದ್ದಾರೆ. ಲೆಕ್ಕವೇನೋ ಸರಿಯಾಗಿಯೇ ಇತ್ತು: ಕುಂಚಗಳು ಹನ್ನೆರಡು. ಆದರೆ ಈ ಸಲ ರಾಜ್ಯೋತ್ಸವಕ್ಕೆ ಮುನ್ನ ಪೆಟ್ಟಿಗೆ ತೆರೆದಾಗ ನಾಲ್ಕಕ್ಕೆ ನುಸಿ ಹಿಡಿದಿತ್ತು. ಐದರ ಕೂದಲು ಹಳೆಯ ಬಣ್ಣದಲ್ಲಿ ಕಟ್ಟಿಗೆಯಾಗಿತ್ತು. ಎರಡರ ತಲೆಯೇ ಕಳಚಿತ್ತು. ಒಂದು ಮಾತ್ರ ಕೊಂಡ ದಿನದಂತೆ ನೆಟ್ಟಗೆ ನಿಂತಿತ್ತು.

“ಹೊಸದು ತರುವುದಾದರೆ ನಾನೂ ಬರುತ್ತೇನೆ ರೀ. ನೀವೊಬ್ಬರೇ ಹೋದರೆ ಗಡ್ಡದ ಬ್ರಷ್ಷು ತಂದುಬಿಡುತ್ತೀರಿ” ಎಂದರು ಮನೆಯವರು. ಅಂತೂ ಎರಡನೆಯ ಶನಿವಾರ ನಾವು ದಂಪತಿಗಳು ಮಗಳನ್ನು ಕರೆದುಕೊಂಡು, ಆ ಒಂದು ಕುಂಚವನ್ನು ಮಾದರಿಗೆಂದು ಜೇಬಿನಲ್ಲಿಟ್ಟು ಹೊರಟೆವು.

ಕಾಚಿಗುಡದಿಂದ ಸುಲ್ತಾನ್ ಬಜಾರಿಗೆ ನಡಿಗೆಯ ದಾರಿ. ಬ್ರಿಟಿಷ್ ರೆಸಿಡೆಂಟನ ಭವನದ ನೆರೆಯಲ್ಲಿದ್ದುದರಿಂದ ಹಿಂದೆ ಇದನ್ನು ರೆಸಿಡೆನ್ಸಿ ಬಜಾರ್ ಎನ್ನುತ್ತಿದ್ದರು. ಈಗ ಬೀದಿಯ ನೆತ್ತಿಯ ಮೇಲೆ ಮೆಟ್ರೊ ಓಡುತ್ತದೆ. ಕೆಳಗೆ ಸೀರೆ, ಬಳೆ, ಪಿನ್ನುಗಳ ಕೂಗು ಮಾತ್ರ ನಿಂತಿಲ್ಲ. ಕೋಠಿ ದಾಟಿ ಗೌಲಿಗುಡದ ಕಡೆಯಿಂದ ಬೇಗಂ ಬಜಾರ್ ಸೇರುವಷ್ಟರಲ್ಲಿ ಮಸಾಲೆಯ ಘಾಟಿಗೆ ಮೂವರೂ ಸೀನಿ ಸುಸ್ತಾದೆವು. ತಟ್ಟೆ ಲೋಟದಿಂದ ಒಣ ಖರ್ಜೂರದವರೆಗೆ ಎಲ್ಲವೂ ಸಗಟಿನಲ್ಲಿ ಸಿಗುವ ಪೇಟೆ ಅದು.

ಒಂದು ಓಣಿಯಲ್ಲಿ ಕುಂಚ ಮಾರುವ ವೃದ್ಧರೊಬ್ಬರು ಸಿಕ್ಕರು. ನಾವು ಹೊಳೆಯುವ ಹಿಡಿಗಳನ್ನೇ ನೋಡುತ್ತಿದ್ದುದನ್ನು ಕಂಡು ನಕ್ಕು, ಅವರು ಪಾಠ ಹೇಳತೊಡಗಿದರು. ಕುಂಚವನ್ನು ಮುಂಗೈ ಮೇಲೆ ಒತ್ತಿ ತಿರುಗಿಸಿರಿ; ಚುಚ್ಚಬಾರದು. ಮೆಲ್ಲನೆ ಎಳೆಯಿರಿ, ಒಂದೆರಡು ಕೂದಲು ಬಂದರೆ ಚಿಂತೆಯಿಲ್ಲ, ಗೊಂಚಲು ಬಂದರೆ ಮುಟ್ಟಬೇಡಿರಿ. ಕತ್ತರಿಸಿ ಸಮಮಾಡಿದ ತುದಿ ಒರಟು, ಹುಟ್ಟುತುದಿ ಮೃದು. ಉದುರಿದ ಎಳೆಯನ್ನು ಸುಟ್ಟರೆ ಕೂದಲು ಕಮಟು ನಾರುತ್ತದೆ, ನೈಲಾನು ಕರಗಿ ಗುಂಡಾಗುತ್ತದೆ. ಕೂದಲ ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ಪೊರೆಗಳಿರುವುದರಿಂದ ಪುಡಿಯನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಕೆನೆಯಂಥ, ಎಣ್ಣೆಯಂಥ ಬಣ್ಣಗಳಿಗೆ ನೈಲಾನೇ ಮೇಲು. ‘ಒಂಟೆ ಕೂದಲು’ ಎಂದು ಮಾರುವ ಕುಂಚದಲ್ಲಿ ಒಂಟೆಯ ಕೂದಲೇ ಇರುವುದಿಲ್ಲವಂತೆ. ಮೇಕೆಯದೋ ಕುದುರೆಯದೋ ಅಳಿಲಿನದೋ ಇರುತ್ತದೆ!

ಆಗ ನಾವು ಹೆಮ್ಮೆಯಿಂದ ಜೇಬಿನ ಕುಂಚ ತೆಗೆದು, “ಇಂಥದೇ ಬೇಕು” ಎಂದೆವು. ವೃದ್ಧರು ಅದನ್ನು ಬೆಳಕಿಗೆ ಹಿಡಿದರು. ತುದಿ ಕಪ್ಪು, ನಡುವೆ ಬಿಳಿಚು ಪಟ್ಟೆ. ಅವರ ನಗೆ ಮಾಯವಾಯಿತು. “ನೇವ್ಲೇ ಕಾ ಬಾಲ್ ಹೈ ಸಾಬ್. ಏ ನಕ್ಕೊ” ಎಂದು ಹಿಂದಿರುಗಿಸಿದರು. ಮುಂಗುಸಿಯ ಕೂದಲು!

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮುಂಗುಸಿಗೂ ರಕ್ಷಣೆ ನೀಡಿದೆ. ಅದನ್ನು ಕೊಲ್ಲುವುದೂ ಅದರ ಕೂದಲಿನ ವ್ಯಾಪಾರವೂ ಅಪರಾಧ. ಏಳು ವರ್ಷದವರೆಗೂ ಸೆರೆಮನೆ ಕಾದಿರುತ್ತದೆ. ಒಂದು ಕಿಲೋ ಕೂದಲಿಗೆ ಹತ್ತಾರು ಮುಂಗುಸಿಗಳ ಬಲಿ. 2019ರಲ್ಲಿ ದೇಶದಾದ್ಯಂತ ನಡೆದ ಒಂದೇ ಕಾರ್ಯಾಚರಣೆಯಲ್ಲಿ 50,000ಕ್ಕೂ ಮಿಕ್ಕ ಕುಂಚಗಳು, 100 ಕಿಲೋಗೂ ಹೆಚ್ಚು ಕೂದಲು ಸಿಕ್ಕಿದ್ದವು.

“ಅಪ್ಪಾ, ಪಾಪುವನ್ನು ಹಾವಿನಿಂದ ಕಾಯಿತಲ್ಲ, ಅಜ್ಜಿ ಹೇಳುವ ಕಥೆಯ ಮುಂಗುಸಿ, ಅದೇನಾ?” ಎಂದಳು ಮಗಳು. ಕಳೆದ ವರ್ಷ ಅವಳ ಕೆನ್ನೆಗೆ ಬಣ್ಣ ಹಚ್ಚಿದ್ದು ಅದೇ ಕುಂಚದಿಂದ. ಕಥೆಯ ತಾಯಿ ತಿಳಿಯದೆ ಕೊಂದು ಅತ್ತಳು. ನಾವು ತಿಳಿಯದೆ ಮೆಚ್ಚಿಕೊಂಡಿದ್ದೆವು. ಉತ್ತರ ಹೊಳೆಯದೆ ಅವಳ ಕೈ ಹಿಡಿದುಕೊಂಡೆವು.

ಮೇಕೆ ಕೂದಲಿನವು ಆರು, ನೈಲಾನಿನವು ನಾಲ್ಕು ಕೊಂಡೆವು. ಆರೈಕೆಯ ಕ್ರಮವನ್ನೂ ವೃದ್ಧರಿಂದಲೇ ಬರೆದುಕೊಂಡೆವು. ಬಳಸಿದೊಡನೆ ಬಟ್ಟೆಯಿಂದ ಒರೆಸಬೇಕು. ತುದಿ ಕೆಳಗಾಗಿ ಹಿಡಿದು, ಉಗುರು ಬೆಚ್ಚನೆಯ ನೀರಿನಲ್ಲಿ ಒಂದು ತೊಟ್ಟು ಶಾಂಪೂ ಹಾಕಿ ತೊಳೆಯಬೇಕು. ಕೂದಲನ್ನು ಹಿಡಿಗೆ ಬಿಗಿದ ತಗಡಿನ ಪಟ್ಟಿಯೊಳಗೆ ನೀರಿಳಿದರೆ ಅಂಟು ಸಡಿಲಿ ತಲೆ ಕಳಚುತ್ತದೆ. ನಮ್ಮ ಎರಡು ಕುಂಚಗಳಿಗೆ ಆದದ್ದು ಇದೇ. ಬೆರಳಿನಿಂದ ಆಕಾರ ಕೊಟ್ಟು, ಮೇಜಿನ ಅಂಚಿನಿಂದ ತುದಿ ಹೊರಚಾಚುವಂತೆ ಮಲಗಿಸಿ ನೆರಳಿನಲ್ಲಿ ಒಣಗಿಸಬೇಕು. ಪೂರ್ತಿ ಒಣಗಿದ ಮೇಲೆಯೇ ಒಣ ಬೇವಿನೆಲೆಯೊಡನೆ ಪೆಟ್ಟಿಗೆಗೆ.

ಸೋಮವಾರ ಕಾರ್ಯದರ್ಶಿಗಳೊಡನೆ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ, ಅರ್ಜಿಯೊಂದಿಗೆ ಆ ಹಳೆಯ ಕುಂಚವನ್ನು ಒಪ್ಪಿಸಿದೆವು. ಅರ್ಜಿ ಬರೆಯುವ ವಿದ್ಯೆ ಒಮ್ಮೆಯಾದರೂ ಒಳ್ಳೆಯದಕ್ಕೆ ಒದಗಿತು. ಈಗ ಪೆಟ್ಟಿಗೆಯ ಪಟ್ಟಿಯಲ್ಲಿ ಹತ್ತು ಎಂದಿದೆ. ವಾಚಕರು ತಮ್ಮ ಮನೆಯ ಪೆಟ್ಟಿಗೆಗಳನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಬೇಕೆಂದು ನಮ್ಮ ವಿನಂತಿ.