ಹೇಳಿದ ದಿನ, ಬಾರದ ಗಾಡಿ

ವಾಯಿದೆಯ ದಿನವು ಸಾಲ ಕೊಟ್ಟವನಿಗೆ ನೆನಪಿರುವಂತೆ ಸಾಲ ಪಡೆದವನಿಗೆ ಇರುವುದಿಲ್ಲವೆಂಬುದು ಲೋಕರೂಢಿ. ಈಚೆಗೆ ವ್ಯಾಪಾರದಲ್ಲಿಯೂ ಈ ರೂಢಿಯು ಬೇರೂರುತ್ತಿರುವಂತೆ ತೋರುತ್ತದೆ. ಗಿರಾಕಿಯು ಮುಂಗಡ ಹಣವನ್ನು ಕೊಟ್ಟು ಕಾದಿರುತ್ತಾನೆ. ವರ್ತಕನಿಗೆ ತಾನು ಹೇಳಿದ ದಿನವೇ ಮರೆತಿರುತ್ತದೆ. ವಿದ್ಯುತ್ತಿನಿಂದ ಓಡುವ ಹೊಸ ಕಾರುಗಳನ್ನು ಕೊಳ್ಳಹೊರಟ ಅನೇಕ ಗೃಹಸ್ಥರಿಗೆ ಇದರ ಅನುಭವವಾಗಿದೆ, ನನಗೂ ಆಗಿದೆ.

ನಮ್ಮ ಶಂಕರನಾರಾಯಣವು ಕುಂದಾಪುರದಿಂದ ಒಳನಾಡಿಗೆ, ಘಟ್ಟದ ಕಡೆಗಿರುವ ಊರು. ವೃದ್ಧರಾದ ತಾಯಿಯವರನ್ನು ವಾರಕ್ಕೆ ಎರಡಾವರ್ತಿ ಚಿಕಿತ್ಸೆಗಾಗಿ ಕುಂದಾಪುರಕ್ಕೆ ಕರೆದೊಯ್ಯಬೇಕು. ಪೆಟ್ರೋಲಿನ ವೆಚ್ಚವು ಸಂಸಾರದ ಲೆಕ್ಕಕ್ಕೆ ಮೀರುತ್ತಿತ್ತು. ನಮ್ಮ ನೆರೆಯ ಹೊಸಂಗಡಿಯಲ್ಲಿಯೇ 460 ಮೆಗಾವಾಟ್ ಸಾಮರ್ಥ್ಯದ ವಾರಾಹಿ ಭೂಗರ್ಭ ವಿದ್ಯುದಾಗಾರವಿರುವಾಗ, ಹೊರದೇಶದ ಎಣ್ಣೆಯನ್ನು ಏಕೆ ಉರಿಸಬೇಕೆಂದು ಯೋಚಿಸಿ ವಿದ್ಯುತ್ ಕಾರಿಗೆ ಮುಂಗಡ ಕೊಟ್ಟೆವು. ಯುಗಾದಿಗೆ ಮೊದಲು ಗಾಡಿ ಬರುವುದೆಂದು ಮಾತಾಯಿತು. ಹಳೆಯ ಗಾಡಿಯನ್ನು ಬದಲಿಗೆಂದು ಮಾರಾಟಗಾರರು ಮುಂಚಿತವಾಗಿಯೇ ತೆಗೆದುಕೊಂಡರು. ಅಂಗಳದ ಮೂಲೆಗೆ ತಂತಿಯೆಳೆದು ಚಾರ್ಜು ಮಾಡುವ ಪೆಟ್ಟಿಗೆಯನ್ನೂ ಗೋಡೆಗೆ ಕೂಡಿಸಿದ್ದಾಯಿತು.

ಯುಗಾದಿ ಕಳೆಯಿತು, ಮಳೆಗಾಲವೂ ಹಿಡಿಯಿತು. ಕೇಳಿದಾಗಲೆಲ್ಲ "ಮುಂದಿನ ತಿಂಗಳು" ಎಂಬ ಒಂದೇ ಉತ್ತರ. ಜಡಿಮಳೆಯಲ್ಲಿ ಬಾಡಿಗೆ ಕಾರಿಗಾಗಿ ಜಗಲಿಯ ಮೇಲೆ ಕುಳಿತಿರುತ್ತಿದ್ದ ತಾಯಿಯವರು, "ನಮ್ ಕಾರ್ ಯಾವಾಗ ಬತ್ತ್ ಮಗಾ?" ಎಂದು ಕೇಳಿದರೆ ನಾನು ಏನೆಂದು ಹೇಳಲಿ? ಕಡೆಗೆ ಗಾಡಿ ಬಂದುದು ದೀಪಾವಳಿಗೆ. ಅಷ್ಟರಲ್ಲಿ, ಪೆಟ್ರೋಲಿನಲ್ಲಿ ಉಳಿಯಬೇಕಾಗಿದ್ದ ಹಣವು ಬಾಡಿಗೆಗೆ ಹೋಗಿತ್ತು.

ವಿಳಂಬಕ್ಕೆ ಕಾರಣಗಳೇ ಇಲ್ಲವೆಂದು ನಾನು ಹೇಳುವುದಿಲ್ಲ. 2021ರಲ್ಲಿ ಸೂಕ್ಷ್ಮವಾದ ಚಿಪ್ಪುಗಳ ಅಭಾವದಿಂದ ಲೋಕದ ಮೋಟಾರು ಕಾರ್ಖಾನೆಗಳೆಲ್ಲ ತೊಂದರೆಗೊಳಗಾದವು. 2025ರ ಏಪ್ರಿಲಿನಲ್ಲಿ ಚೀನಾ ದೇಶವು ವಿರಳ ಲೋಹಗಳ ಹಾಗೂ ಅವುಗಳಿಂದಾದ ಅಯಸ್ಕಾಂತಗಳ ರಫ್ತಿಗೆ ನಿರ್ಬಂಧ ಹಾಕಿತು. ವಿದ್ಯುತ್ ಕಾರಿನ ಮೋಟಾರಿಗೆ ಬಹುಮಟ್ಟಿಗೆ ಇಂತಹ ಅಯಸ್ಕಾಂತಗಳೇ ಬೇಕು. ಬ್ಯಾಟರಿಯ ಕೋಶಗಳಿಗೂ ನಮ್ಮ ದೇಶವು ಹೆಚ್ಚಾಗಿ ಹೊರಗಿನವರನ್ನೇ ಅವಲಂಬಿಸಿದೆ. ಇದಾವುದೂ ಊರಿನ ಮಾರಾಟಗಾರನ ಕೈಯಲ್ಲಿಲ್ಲ. ಆದರೆ ತಿಳಿದುದನ್ನು ತಿಳಿದಂತೆ ಹೇಳುವುದು ಅವನ ಕೈಯಲ್ಲಿಯೇ ಇದೆಯಷ್ಟೆ!

ನಮ್ಮ ಹಿರಿಯರು ಸ್ಕೂಟರಿಗಾಗಿ ವರುಷಗಟ್ಟಲೆ ಕಾದವರು. ಆಗ ಸರಕಾರದ ಪರವಾನಿಗೆಯಿಲ್ಲದೆ ಕಾರ್ಖಾನೆಯವರು ಉತ್ಪತ್ತಿಯನ್ನು ಹೆಚ್ಚಿಸುವಂತಿರಲಿಲ್ಲ. ದೀರ್ಘಕಾಲ ಕಾಯಬೇಕೆಂಬುದು ಮೊದಲೇ ತಿಳಿದಿದ್ದುದರಿಂದ ಮನೆಯವರು ಅದಕ್ಕೆ ತಕ್ಕಂತೆ ಬೇರೆ ಏರ್ಪಾಡು ಮಾಡಿಕೊಳ್ಳುತ್ತಿದ್ದರು. "ಎಂಟು ತಿಂಗಳಾದೀತು" ಎಂದು ನಮಗೂ ಮೊದಲೇ ಹೇಳಿದ್ದರೆ ಹಳೆಯ ಗಾಡಿಯು ನಮ್ಮ ಕೊಟ್ಟಿಗೆಯಲ್ಲಿಯೇ ಇರುತ್ತಿತ್ತು. ತಡವಾದುದಕ್ಕಿಂತಲೂ ತಡವನ್ನು ಮುಚ್ಚಿಟ್ಟುದರಿಂದಲೇ ಸಂಸಾರಕ್ಕೆ ಹೆಚ್ಚಿನ ನಷ್ಟ.

ಆದುದರಿಂದ, ಇಂತಹ ಗಾಡಿಯನ್ನು ಕೊಳ್ಳಲೆಳಸುವ ಗೃಹಸ್ಥರು, ಗಾಡಿಯನ್ನು ಒಪ್ಪಿಸುವ ದಿನವನ್ನೂ ಅದು ತಪ್ಪಿದರೆ ಮುಂಗಡವನ್ನು ಹಿಂದಿರುಗಿಸುವ ಕ್ರಮವನ್ನೂ ಬರೆವಣಿಗೆಯಲ್ಲಿ ಪಡೆದಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ಗಿರಾಕಿಯು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ನಮ್ಮ ಕಡೆಯವರು ಉಡುಪಿಯಿಂದಾಚೆ ಅಲೆಯಬೇಕಾಗಿಲ್ಲ. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಬಹುದು. ಮಾರಾಟಗಾರರಲ್ಲಿ ನನ್ನ ವಿಜ್ಞಾಪನೆಯು ಒಂದೇ: ದಿನವು ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳಿರಿ. ಅದನ್ನು ಕೇಳಿಯೂ ಕೊಳ್ಳುವವರು ಕೊಂಡೇ ಕೊಳ್ಳುವರು.